ಕೆರೆ ಅಂಗಳಕ್ಕೆ ಯಜಮಾನರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ ಮೊದಲ ಕೆಲವು ತಂಡಗಳಲ್ಲಿ ಓದಿದವನು. ಆಮೇಲೆ ಭೂಮಾಪನ ಇಲಾಖೆ ಸೇರಿ 34 ವರ್ಷ ಅಳತೆ ಕೆಲಸ ಮಾಡಿ ನಿವೃತ್ತನಾದೆ. "ಶಾಲೆಯ ನೆನಪುಗಳು" ಅಂತ ಮಾತಾಡಿ ಎಂದು ಸಮಿತಿಯವರು ಕೇಳಿದ್ದರು. ನೆನಪಿನ ಮಾತನ್ನು ಆಡುವವರು ಬಹಳ ಜನ ಇದ್ದಾರೆ. ನನಗೆ ಗೊತ್ತಿರುವುದು ಗಡಿ, ಕಲ್ಲು, ನಕ್ಷೆ. ಆದ್ದರಿಂದ ಕೆರೆಯ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ, ಅವರು ಒಪ್ಪಿದರು.

ಕೆರೆ ಅಂದರೆ ನಮ್ಮ ಕಣ್ಣಿಗೆ ನೀರು ಕಾಣುತ್ತದೆ. ಅಳತೆಯವನ ಕಣ್ಣಿಗೆ ಅದು ಐದು ಭಾಗ. ನೀರು ತಡೆಯುವ ಏರಿ, ನೀರು ಬಿಡುವ ತೂಬು, ಹೆಚ್ಚಾದದ್ದು ಹರಿದು ಹೋಗುವ ಕೋಡಿ, ನೀರು ತರುವ ರಾಜಕಾಲುವೆ, ನೀರು ನಿಲ್ಲುವ ಅಂಗಳ. ಏರಿಯನ್ನು ಯಾರೂ ಸುಲಭವಾಗಿ ನುಂಗಲಾರರು, ಅದು ಎದ್ದು ಕಾಣುತ್ತದೆ. ತೂಬು, ಕೋಡಿ ಕಲ್ಲಿನ ಕಟ್ಟಡಗಳು. ಆದರೆ ಅಂಗಳದ ಅಂಚಿಗೆ ಗೋಡೆ ಇಲ್ಲ. ತುಂಬಿದ ವರ್ಷ ನೀರು ಹುಣಸೆ ಮರದವರೆಗೆ ಬರುತ್ತದೆ, ಬರದ ವರ್ಷ ಏರಿಯ ಬುಡದಲ್ಲಿ ಎಮ್ಮೆ ಮೈ ನೆನೆಯುವಷ್ಟು ಉಳಿಯುತ್ತದೆ. ಈ ಎರಡು ಗೆರೆಗಳ ನಡುವಿನ ಜಾಗವೇ ಕೆರೆಯ ದಡ. ಮಳೆಗಾಲದಲ್ಲಿ ಅದು ಕೆರೆ, ಬೇಸಿಗೆಯಲ್ಲಿ ಬಯಲು. ಬಯಲಾಗಿ ಕಾಣುವ ಆ ಕೆಲವು ತಿಂಗಳಲ್ಲೇ ಕೆರೆಗಳು ಕಳೆದುಹೋಗುವುದು.

ನಮ್ಮ ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿ ಇಲ್ಲ. ಹಿರಿಯರು ಬಿದ್ದ ಮಳೆಯನ್ನು ಒಂದು ಕೆರೆಯಲ್ಲಿ ಹಿಡಿದು, ಅದರ ಕೋಡಿ ನೀರನ್ನು ಮುಂದಿನ ಕೆರೆಗೆ ಕೊಟ್ಟು, ಹೀಗೆ ಸರಪಳಿಯ ಹಾಗೆ ಕಟ್ಟಿದರು. 19ನೇ ಶತಮಾನದಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಅಷ್ಟು ಪೂರ್ತಿಯಾಗಿ ಕೆಲಸ ಮುಗಿಸಿಟ್ಟಿದ್ದರು. ಇವತ್ತು ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳ ಲೆಕ್ಕವಿದೆ. ಲೆಕ್ಕದಲ್ಲಿ ಇರುವುದೆಲ್ಲ ನೆಲದ ಮೇಲೂ ಅಷ್ಟೇ ಅಗಲವಾಗಿ ಇದೆಯೇ ಎಂಬುದು ಬೇರೆ ಮಾತು.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಮಕ್ಕಳೇ ಉತ್ತರ ಯೋಚಿಸಿ. ನಾಳೆ ಬೆಳಿಗ್ಗೆ ಕೆರೆ ಅಂಗಳದಲ್ಲಿ ಯಾರೋ ಟ್ರಾಕ್ಟರ್ ಓಡಿಸಿ ಉಳುತ್ತಿರುವುದು ಕಂಡರೆ ಯಾರಿಗೆ ಹೇಳುತ್ತೀರಿ?

ಭೂಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ಕೆರೆ, ಹಳ್ಳ, ಸಾರ್ವಜನಿಕ ರಸ್ತೆ ಎಲ್ಲ ರಾಜ್ಯ ಸರ್ಕಾರದ ಸ್ವತ್ತು. ಒತ್ತುವರಿ ಬಿಡಿಸುವವರು ತಹಶೀಲ್ದಾರರು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಏರಿ, ತೂಬು ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿ ವ್ಯವಸ್ಥೆಯದು. ಅಂಗಳದಲ್ಲಿ ಜಾಲಿ ನೆಟ್ಟಿದ್ದರೆ ಮರ ಅರಣ್ಯ ಇಲಾಖೆಯ ಲೆಕ್ಕಕ್ಕೆ. ಮೀನು ಪಾಶುವಾರು ದೊಡ್ಡ ಕೆರೆಯಾದರೆ ಮೀನುಗಾರಿಕೆ ಇಲಾಖೆಗೆ, ಸಣ್ಣ ಕೆರೆಯಾದರೆ ಪಂಚಾಯಿತಿಗೆ. ಇದರ ಮೇಲೆ 2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯೂ ಬಂತು. ಇಷ್ಟು ಜನ ಯಜಮಾನರು ಇರುವಾಗ ಟ್ರಾಕ್ಟರ್ ನಿಲ್ಲಿಸುವವರು ಯಾರೂ ಇರುವುದಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ರಾಗಿ ಕಟಾವಿಗೆ ಬಂದಿರುತ್ತದೆ. ಮುಂದಿನ ವರ್ಷ ತೆಂಗಿನ ಸಸಿ, ಅದರ ಮುಂದಿನ ವರ್ಷ ಕೊಳವೆಬಾವಿ.

ಇದರಲ್ಲಿ ನಷ್ಟ ಎಷ್ಟು ಎಂದು ನನ್ನ ಕಸುಬಿನ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಹಳೆಯ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಕೆರೆಯ ಅಂಚಿನಲ್ಲಿ ಜಮೀನಿರುವವರು "ಒಂದೇ ಸರಪಳಿ ತಾನೇ" ಎಂದು ಒಳಗೆ ಬಂದರು ಅಂತ ಇಟ್ಟುಕೊಳ್ಳಿ. ಹಾಗೆ ಒಂದು ಕಿಲೋಮೀಟರ್ ಉದ್ದದ ದಡ ಹೋದರೆ ಹತ್ತಿರ ಹತ್ತಿರ 100 ಗುಂಟೆ, ಅಂದರೆ ಎರಡೂವರೆ ಎಕರೆ. ಅಲ್ಲಿ ಸರಾಸರಿ ಒಂದೇ ಅಡಿ ನೀರು ನಿಲ್ಲುತ್ತಿತ್ತು ಎಂದುಕೊಂಡರೂ ಸುಮಾರು 30 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತಂದರೆ 300 ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಕೊಡುತ್ತೀರಿ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇನ್ನೊಂದು ವಿಷಯ, ಅಂಚಿನಲ್ಲಿ ತಿಂದವರು ತಮ್ಮ ಜಮೀನು ಮುಳುಗಬಾರದೆಂದು ಕೋಡಿಯ ಮಟ್ಟವನ್ನು ತಗ್ಗಿಸಲು ನೋಡುತ್ತಾರೆ. ಕೋಡಿಯಲ್ಲಿ ಅರ್ಧ ಅಡಿ ಕಲ್ಲು ಕಿತ್ತರೆ ಇಡೀ ಕೆರೆ ಅರ್ಧ ಅಡಿ ತಗ್ಗುತ್ತದೆ. ಆ ನಷ್ಟವನ್ನು ಸರಪಳಿಯಿಂದ ಅಳೆಯಲಾಗುವುದಿಲ್ಲ.

ಹಿಂದೆ ಹೀಗಿರಲಿಲ್ಲವೇ? ಹಿಂದಿನದನ್ನು ಹೊಗಳುವುದು ಸುಲಭ. ಕೆರೆ ಕಟ್ಟಿಸಿದವರಿಗೂ ನೋಡಿಕೊಳ್ಳುವವರಿಗೂ ಕೊಡಗೆ ಭೂಮಿ ಬಿಡುತ್ತಿದ್ದರು. ಕೆರೆಯ ರಿಪೇರಿಗೆ ಬೆಳೆಯಲ್ಲಿ ಪಾಲು ತೆಗೆದಿಡುವ ಬಿತ್ತುವಟ್ಟದ ವಿಷಯ ಶಾಸನಗಳಲ್ಲಿ ಬರುತ್ತದೆ. ನೀರುಗಂಟಿ ತೂಬು ಎತ್ತಿ, ಸರದಿಯಂತೆ ಗದ್ದೆಗೆ ನೀರು ಬಿಡುತ್ತಿದ್ದ. ಮೈಸೂರು ಸಂಸ್ಥಾನದಲ್ಲಿ 1911ರಲ್ಲೇ ಕೆರೆ ಪಂಚಾಯಿತಿಗಳಿಗೆಂದು ಒಂದು ಕಾನೂನು ಬಂದಿತ್ತು. ಅಂದರೆ ಕೆರೆಯನ್ನು ಊರಿಗೆ ವಹಿಸಬೇಕು ಎನ್ನುವ ಮಾತು ಇವತ್ತಿನದಲ್ಲ, ನೂರು ವರ್ಷಕ್ಕೂ ಹಳೆಯದು.

ಆದರೆ ಆ ವ್ಯವಸ್ಥೆಯಲ್ಲಿ ನೀರುಗಂಟಿಯ ಕೆಲಸ ಹುಟ್ಟಿನಿಂದ ಬರುತ್ತಿತ್ತು. ತೂಬಿನ ಕೆಸರಿಗೆ ಇಳಿಯುವವರು ಒಂದು ಕೇರಿಯವರು, ಯಾರ ಗದ್ದೆಗೆ ಮೊದಲು ನೀರು ಎಂದು ಹೇಳುವವರು ಇನ್ನೊಂದು ಬೀದಿಯವರು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿದ್ದು ನ್ಯಾಯವೇ ಆಗಿತ್ತು. ತೊಂದರೆ ಏನಾಯಿತೆಂದರೆ ಹುದ್ದೆಯ ಜೊತೆಗೆ ಕೆಲಸವೂ ಹೋಯಿತು. ಹುಟ್ಟಿನ ಕಟ್ಟು ಬಿಚ್ಚಿ, ಆ ಕೆಲಸವನ್ನು ಸಂಬಳದ ಮೇಲೆ, ಗೌರವದಿಂದ ಮಾಡುವ ಹೊಸ ವ್ಯವಸ್ಥೆಯನ್ನು ಊರೂರಲ್ಲಿ ಕಟ್ಟಲಿಲ್ಲ. ಕೊಳವೆಬಾವಿ ಬಂದ ಮೇಲೆ ಯಾರಿಗೂ ಅದು ಬೇಕೆನಿಸಲೂ ಇಲ್ಲ. ಈಗ ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ ಎಲ್ಲರೂ ಮತ್ತೆ ಕೆರೆಯ ಕಡೆ ತಿರುಗಿ ನೋಡುತ್ತಿದ್ದೇವೆ.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಸಣ್ಣ ನೀರಾವರಿ, ಜಲ ನಿರ್ವಹಣೆ, ಜಲಾನಯನ ಅಭಿವೃದ್ಧಿ ಅದರಲ್ಲಿ ಮೂರನೆಯದು, ಮೀನುಗಾರಿಕೆ ಐದನೆಯದು. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಕೆಲಸ ಬಂತು, 2005ರ ಉದ್ಯೋಗ ಖಾತರಿ ಕಾಯ್ದೆಯಿಂದ ಹೂಳೆತ್ತಲು ಹಣವೂ ಬಂತು. ಆದರೆ ಹೂಳೆತ್ತುವ ಪಂಚಾಯಿತಿಗೆ, ಹೂಳೆತ್ತಿದ ಜಾಗವನ್ನು ಕಾಯುವ ಅಧಿಕಾರ ಪೂರ್ತಿಯಾಗಿ ಬರಲಿಲ್ಲ. ಮನೆ ಗುಡಿಸುವ ಕೆಲಸ ಕೊಟ್ಟು ಬೀಗದ ಕೈ ಕೊಡದ ಹಾಗಾಯಿತು.

ಹಾಗಾದರೆ ಪಂಚಾಯಿತಿಗೆ ಎಲ್ಲವನ್ನೂ ಬರೆದುಕೊಟ್ಟರೆ ಸರಿಹೋಗುತ್ತದೆಯೇ? ಅಧ್ಯಕ್ಷರು ಮುಂದೆಯೇ ಕೂತಿದ್ದಾರೆ, ಬೇಸರ ಮಾಡಿಕೊಳ್ಳಬಾರದು. ನನ್ನ ಉತ್ತರ ಇಲ್ಲ.

2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಎಂಬವರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿ. ಊರ ಕೊಳಕ್ಕೆ ಮಣ್ಣು ತುಂಬಿ ಕೆಲವರು ಮನೆ ಕಟ್ಟಿಕೊಂಡಿದ್ದರು. ಹಣ ಕಟ್ಟಿಸಿಕೊಂಡು ಸಕ್ರಮ ಮಾಡಿ ಎಂದು ಕಲೆಕ್ಟರು ಆದೇಶ ಮಾಡಿದ್ದರು. ಅಲ್ಲಿನ ಗ್ರಾಮ ಪಂಚಾಯಿತಿ ಅದನ್ನು ವಿರೋಧಿಸಲೂ ಇಲ್ಲ. ಒತ್ತುವರಿದಾರರ ಜೊತೆ ಪಂಚಾಯಿತಿಯೇ ಶಾಮೀಲಾಗಿದೆ ಎಂದು ಮೇಲಿನ ಅಧಿಕಾರಿ ಗುರುತಿಸಿದರು. ಕೋರ್ಟು ಒತ್ತುವರಿದಾರರ ಅರ್ಜಿಯನ್ನು ವಜಾ ಮಾಡಿತು. ದೇಶದ ಎಲ್ಲ ರಾಜ್ಯಗಳೂ ಊರಿನ ಸಾಮುದಾಯಿಕ ಜಮೀನಿನ ಒತ್ತುವರಿ ಬಿಡಿಸಿ ಗ್ರಾಮಸಭೆಗೆ ಅಥವಾ ಗ್ರಾಮ ಪಂಚಾಯಿತಿಗೆ ಮರಳಿಸಲು ಯೋಜನೆ ಮಾಡಬೇಕು ಎಂದು ಹೇಳಿತು. ಅದಕ್ಕೆ ಹತ್ತು ವರ್ಷ ಮೊದಲು, 2001ರಲ್ಲಿ, ಉತ್ತರ ಪ್ರದೇಶದ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲೂ ಕೊಳದ ಜಾಗವನ್ನು ಮನೆ ನಿವೇಶನಕ್ಕೆ ಕೊಡಬಾರದು ಎಂದೇ ತೀರ್ಪಾಗಿತ್ತು.

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಒತ್ತುವರಿ ಮಾಡಿದವರು ದೂರದವರಲ್ಲ. ಸದಸ್ಯರ ಅಣ್ಣನೋ, ಭಾವನೋ, ಓಟು ಹಾಕಿದ ಮನೆಯವರೋ ಆಗಿರುತ್ತಾರೆ. ಐದು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಕೈಮುಗಿಯಬೇಕಾದವರಿಗೆ "ನಿನ್ನ ಬೇಲಿ ಕೀಳು" ಎನ್ನುವುದು ಕಷ್ಟ.

ಹಾಗೆಂದು ದೂರದ ಕೈಗೆ ಕೊಟ್ಟರೆ ಕ್ಷೇಮವೇ? ಬೆಂಗಳೂರಿನಲ್ಲಿ 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಮಾಡಿದರು. ಅದು ಕೆಲವು ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿತು. ದಡಕ್ಕೆ ಬೇಲಿ ಬಿತ್ತು. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು ಹೊರಗೆ ನಿಲ್ಲಬೇಕಾಯಿತು. ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿಯನ್ನು ಒಪ್ಪಿ 2012ರಲ್ಲಿ ತೀರ್ಪು ಬಂದ ಮೇಲೆ ಜಿಲ್ಲಾ ಮಟ್ಟದ ಕೆರೆ ಸಮಿತಿಗಳ ಮಾತು ಬಂತು. ಹತ್ತಿರದ ಕೈ ನಾಚಿಕೆಯಿಂದ ಸುಮ್ಮನಿರುತ್ತದೆ, ದೂರದ ಕೈಗೆ ಕೆರೆ ಬರೀ ಕಡತವಾಗಿರುತ್ತದೆ. ಎರಡರಲ್ಲೂ ಅಪಾಯವಿದೆ.

ಇದಕ್ಕೆ ನನ್ನ ಅನುಭವದಿಂದ ತೋಚಿದ ದಾರಿ ಇಷ್ಟೇ. ಅಧಿಕಾರವನ್ನು ಒಂದೇ ಗಂಟು ಮಾಡಿ ಯಾರಿಗೂ ಕೊಡಬಾರದು. ಕಾವಲು ಊರಿಗೆ ಇರಲಿ, ದಂಡ ಸರ್ಕಾರಕ್ಕೆ ಇರಲಿ, ಮಾರುವ ಹಕ್ಕು ಯಾರಿಗೂ ಬೇಡ.

ಕಾವಲು ಊರಿಗೆ ಅಂದರೆ ಕೆರೆ ಅಂಗಳದ ದಿನನಿತ್ಯದ ಆಡಳಿತವೆಲ್ಲ ಗ್ರಾಮ ಪಂಚಾಯಿತಿಯದು. ಗೋಡು ಮಣ್ಣು ಯಾರು, ಎಷ್ಟು, ಎಲ್ಲಿಂದ ತೆಗೆಯಬೇಕು. ಇಟ್ಟಿಗೆ ಗೂಡಿಗೆ ಹೋಗುವ ಮಣ್ಣಿಗೂ ಹೊಲಕ್ಕೆ ಹೊಡೆಯುವ ಮಣ್ಣಿಗೂ ಒಂದೇ ನಿಯಮವೋ, ಬೇರೆಯೋ. ಕುರಿ, ದನ ಎಲ್ಲಿ ಮೇಯಬೇಕು. ಬಳ್ಳಾರಿ ಜಾಲಿ ಯಾವಾಗ ಕಡಿಯಬೇಕು. ಮೀನು ಹರಾಜಿನ ಹಣ ಎಲ್ಲಿಗೆ ಹೋಗಬೇಕು. ರಾಜಕಾಲುವೆಯ ಗಿಡಗಂಟಿ ಯಾವ ತಿಂಗಳು ತೆಗೆಸಬೇಕು. ಇದಕ್ಕೆಲ್ಲ ಗ್ರಾಮಸಭೆಯ ಒಪ್ಪಿಗೆ ಬೇಕು. ಬೇರೆ ಯಾವ ಇಲಾಖೆ ಅಂಗಳದಲ್ಲಿ ಕೆಲಸ ಮಾಡುವುದಾದರೂ ಮೊದಲು ಗ್ರಾಮಸಭೆಗೆ ಬಂದು ಹೇಳಬೇಕು.

ದಂಡ ಸರ್ಕಾರಕ್ಕೆ ಅಂದರೆ ಪಂಚಾಯಿತಿ ಒತ್ತುವರಿಯನ್ನು ಬರೆದು ಕಳಿಸಿದರೆ ತಹಶೀಲ್ದಾರರು ಇಂತಿಷ್ಟು ದಿನದೊಳಗೆ ಅಳತೆ ಮಾಡಿಸಿ ಕ್ರಮ ತೆಗೆದುಕೊಳ್ಳಲೇಬೇಕು. ಆಗ ಸದಸ್ಯರು ನೆಂಟರ ಮುಂದೆ ನಿಂತು ಜಗಳ ಆಡಬೇಕಿಲ್ಲ. ಪಂಚಾಯಿತಿ ಸುಮ್ಮನಿದ್ದರೆ ಊರಿನ ಯಾರೇ ಒಬ್ಬರು ಬರೆದರೂ ಅದೇ ಗಡುವು ಅನ್ವಯಿಸಬೇಕು.

ಮಾರುವ ಹಕ್ಕು ಯಾರಿಗೂ ಬೇಡ ಅಂದರೆ ಪಂಚಾಯಿತಿಯೂ ಅಷ್ಟೇ, ಸರ್ಕಾರವೂ ಅಷ್ಟೇ. ಬಸ್ ನಿಲ್ದಾಣ, ಸಮುದಾಯ ಭವನ, ಕಸ ಹಾಕುವ ಜಾಗ, ಬಡಾವಣೆ ಯಾವುದಕ್ಕೂ ಕೆರೆ ಅಂಗಳ ಸಿಗುವುದಿಲ್ಲ ಎಂದು ಬಾಗಿಲು ಮುಚ್ಚಬೇಕು. ಸರ್ಕಾರಿ ಜಾಗ ಎಲ್ಲಿ ಖಾಲಿ ಇದೆ ಎಂದು ಹುಡುಕುವವರ ಕಣ್ಣು ಮೊದಲು ಬೀಳುವುದೇ ಒಣಗಿದ ಕೆರೆಯ ಮೇಲೆ.

ಗ್ರಾಮಸಭೆ ಏಕೆ ಬೇಕೆಂದರೆ, ನಕ್ಷೆಯಲ್ಲಿ ಕಾಣದ ಒಂದು ವ್ಯತ್ಯಾಸ ಊರಿಗೆ ಮಾತ್ರ ಗೊತ್ತಿರುತ್ತದೆ. ನೀರು ಇಳಿದ ಮೇಲೆ ಹಸಿ ಮಣ್ಣಿನಲ್ಲಿ ಸೌತೆ ಬಳ್ಳಿ ಹಾಕಿ, ಮಳೆ ಬರುವ ಮೊದಲೇ ಎದ್ದು ಹೋಗುವ ಭೂಮಿಯಿಲ್ಲದ ಮನೆಯವರು ಇದ್ದಾರೆ. ಹತ್ತು ಎಕರೆ ಇದ್ದೂ ಕೆರೆಯೊಳಗೆ ಕಲ್ಲು ಕಂಬ ನೆಟ್ಟು ತಂತಿ ಎಳೆದವರೂ ಇದ್ದಾರೆ. ನಾನು ಸರಪಳಿ ಹಿಡಿದಾಗ ನನಗೆ ಇಬ್ಬರೂ ಒತ್ತುವರಿದಾರರೇ. ಕಾಗದದಲ್ಲಿ ಇಬ್ಬರಿಗೂ ಒಂದೇ ನಮೂನೆ. ಕೆರೆಗೆ ಮೊದಲನೆಯವರಿಂದ ತೊಂದರೆಯಿಲ್ಲ ಎಂದು ಹೇಳಬಲ್ಲದ್ದು ಗ್ರಾಮಸಭೆ ಮಾತ್ರ. ತೆರವಿನ ಜೆಸಿಬಿ ಬಂದಾಗ ಮೊದಲು ಹೋಗುವುದು ಸೌತೆ ಬಳ್ಳಿಯೇ, ತಂತಿ ಬೇಲಿಯವರು ತಡೆಯಾಜ್ಞೆ ತಂದಿರುತ್ತಾರೆ.

ಇನ್ನೊಂದು ಎಚ್ಚರಿಕೆ ಹೇಳಬೇಕು. ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ 2002ರ ಸುಮಾರಿಗೆ ಕೆರೆ ಅಭಿವೃದ್ಧಿ ಯೋಜನೆ ಶುರುವಾಗಿದ್ದು ಹಿರಿಯರಿಗೆ ನೆನಪಿರಬಹುದು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಯೋಜನೆಯ ಹಣ ನಿಂತ ಮೇಲೆ ಎಷ್ಟೋ ಸಂಘಗಳು ನಿಂತುಹೋದವು. ಪಂಚಾಯಿತಿಯ ಹೊರಗೆ ಕಟ್ಟಿದ್ದಕ್ಕೆ ಬೇರು ಹಿಡಿಯಲಿಲ್ಲ ಎಂದು ನನಗನ್ನಿಸುತ್ತದೆ. ಆದ್ದರಿಂದ ಕೆರೆ ಸಮಿತಿ ಪಂಚಾಯಿತಿಯ ಒಳಗೇ ಇರಬೇಕು. ಅಚ್ಚುಕಟ್ಟಿನ ರೈತರ ಜೊತೆಗೆ ಕುರಿ ಮೇಯಿಸುವವರು, ಮೀನು ಹಿಡಿಯುವವರು, ಹಸು ಕಟ್ಟಿರುವ ಹೆಣ್ಣುಮಕ್ಕಳು ಅದರಲ್ಲಿರಬೇಕು. ಮೀನು, ಮರದಿಂದ ಬಂದ ಹಣ ಬೇರೆ ಖಾತೆಯಲ್ಲಿದ್ದು ಗ್ರಾಮಸಭೆಯಲ್ಲಿ ಲೆಕ್ಕ ಓದಬೇಕು. ಆ ಹಣದಿಂದಲೇ ಒಬ್ಬ ನೀರುಗಂಟಿಗೆ ಸಂಬಳ ಕೊಡಬೇಕು, ಯಾವ ಕೇರಿಯವರಾದರೂ ಸರಿ. ಮೇಲಿನ ಕೆರೆ ಒಂದು ಪಂಚಾಯಿತಿಯದು, ಕೆಳಗಿನದು ಇನ್ನೊಂದರದು ಆಗಿರುವ ಕಡೆ ತಾಲ್ಲೂಕು ಮಟ್ಟದಲ್ಲಿ ಇಬ್ಬರೂ ಕೂತು ಮಾತಾಡಬೇಕು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣದ ಬಗ್ಗೆ ವಾದಗಳಿವೆ, ಅದು ಇವತ್ತಿನ ವಿಷಯವಲ್ಲ. ಆದರೆ ನೀರು ಬಂದಾಗ ಹಿಡಿದಿಡಲು ಅಂಗಳ ಇರಬೇಕು. ಮಳೆಯೇ ತುಂಬಲಿ, ಕೊಳವೆಯೇ ತುಂಬಲಿ, ಪಾತ್ರೆ ಚಿಕ್ಕದಾದರೆ ಎರಡೂ ಚೆಲ್ಲಿಹೋಗುತ್ತವೆ.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಸುವರ್ಣ ಮಹೋತ್ಸವದ ನೆನಪಿಗೆ ಆಟದ ಬಯಲಿಗೆ ಕಾಂಪೌಂಡ್ ಕಟ್ಟಿಸಬೇಕೆಂದು ಹಿರಿಯ ವಿದ್ಯಾರ್ಥಿಗಳು ಹಣ ಸೇರಿಸುತ್ತಿದ್ದಾರೆ. ಒಳ್ಳೆಯ ಕೆಲಸ, ನಾನೂ ಕೊಟ್ಟಿದ್ದೇನೆ. ಆದರೆ ಹಳೆಯ ಗ್ರಾಮ ನಕ್ಷೆ ನೋಡಿದರೆ ನಮ್ಮ ಬಯಲಿನ ಪೂರ್ವದ ಮೂಲೆ ಕೆರೆ ನಂಬರಿನೊಳಗೆ ಬರುವಂತೆ ಕಾಣುತ್ತದೆ. ಖೋ ಖೋ ಕಂಬ ನೆಟ್ಟಿರುವ ಜಾಗದಿಂದ ಆಚೆಗೆ. ಇದು ಯಾರ ದುರಾಸೆಯಿಂದಲೂ ಆದದ್ದಲ್ಲ. ಮಕ್ಕಳಿಗೆ ಆಡಲು ಜಾಗ ಬೇಕಿತ್ತು, ಕೆರೆ ಒಣಗಿತ್ತು, ಆಟ ಹಾಗೇ ಮುಂದುವರಿಯಿತು.

ನಾನು ಹೇಳಿದ 2011ರ ತೀರ್ಪಿನಲ್ಲಿ, ಆ ಜಾಗದಲ್ಲಿ ಈಗಾಗಲೇ ಶಾಲೆ, ಆಸ್ಪತ್ರೆಯಂಥದ್ದು ಇದ್ದರೆ ಅಪರೂಪಕ್ಕೆ ವಿನಾಯಿತಿ ಕೊಡಬಹುದು ಎಂದಿದೆ. ಬೇಕಿದ್ದರೆ ನಾವೂ ಅದನ್ನು ಕೇಳಬಹುದು. ಕೇಳುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಕಟ್ಟಡ ಇಲ್ಲ, ಬರೀ ಬಯಲಿದೆ. ನೀರಿಲ್ಲದಾಗ ಮಕ್ಕಳು ಆಡಲಿ, ನೀರು ಬಂದಾಗ ಬಿಟ್ಟುಕೊಡಲಿ. ಗೋಡೆ ಮಾತ್ರ ಗಡಿಕಲ್ಲಿನ ಈಚೆಗೇ ನಿಲ್ಲಲಿ. ನಮ್ಮ ಶಾಲೆಯೇ ಒಂದು ಮೂಲೆ ಒಳಗೆ ಗೋಡೆ ಹಾಕಿಬಿಟ್ಟರೆ, ಮುಂದೆ ತಂತಿ ಎಳೆಯುವವರಿಗೆ "ಬೇಡ" ಎನ್ನಲು ಈ ಊರಿನಲ್ಲಿ ಯಾರಿಗೂ ಬಾಯಿ ಇರುವುದಿಲ್ಲ.

ಆದ್ದರಿಂದ ಮೂರು ಕೋರಿಕೆ. ಒಂದು, ಕಾಂಪೌಂಡಿಗೆ ಪಾಯ ತೆಗೆಯುವ ಮೊದಲು ಪಂಚಾಯಿತಿಯವರು ಅಳತೆಗೆ ಅರ್ಜಿ ಹಾಕಲಿ. ಶಾಲೆಯ ಮೂಲೆಯಿಂದ ಶುರುಮಾಡಿ ಇಡೀ ಕೆರೆಯ ಸುತ್ತ ಅಳತೆಯಾಗಲಿ, ಕಲ್ಲು ನೆಡಲಿ. ಎರಡು, ಆ ನಕ್ಷೆಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ ಬರೆಸಲಿ, ಮುಂದಿನ ಗ್ರಾಮಸಭೆಯಲ್ಲಿ ಕೆರೆ ಸಮಿತಿಯ ಠರಾವು ಆಗಲಿ. ಮೂರು, ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿಕೊಳ್ಳುತ್ತೇನೆ, ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ನೀರು ಯಾವ ಕಲ್ಲಿನವರೆಗೆ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ನ್ಯಾಯಾಲಯದಲ್ಲಿ, ಕಚೇರಿಯಲ್ಲಿ ಎಲ್ಲ ಕಡೆ ಕೇಳುವುದು ದಾಖಲೆ. ವರ್ಷ ವರ್ಷ ಮಕ್ಕಳ ಕೈಯಲ್ಲಿ ಬರೆದ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಕೆರೆಗೆ ಸಿಗಲಿಕ್ಕಿಲ್ಲ. ಅಳತೆಗೆ ಯಾರಾದರೂ ಜೊತೆಗೆ ಬರಬೇಕೆಂದರೆ ನನಗೆ ಹೇಳಿ ಕಳಿಸಿ. ಕಾಲು ಇನ್ನೂ ನಡೆಯುತ್ತದೆ.